ಮುಚ್ಚಳ ಅಂದರೆ ತಿರುಗದ ಮನುಷ್ಯ

ಅವನಿಗೆ ಅಪ್ಪ ಇಟ್ಟ ಹೆಸರೊಂದು ಇತ್ತು. ಒಳ್ಳೆಯ ಹೆಸರೇ; ಉದ್ದನೆಯದು, ಬಾಯಿ ತುಂಬುವಂಥದು. ಆದರೆ ಮದುವೆಯ ಅಂಗಿಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟ ಹಾಗೆ ಅದನ್ನು ಒಳಗಿಟ್ಟು ಎಷ್ಟೋ ಕಾಲವಾಗಿತ್ತು. ಊರಿನ ಬಾಯಲ್ಲಿ ಅವನು ಮುಚ್ಚಳ.

ಇದಕ್ಕೆ ಕಾರಣ ಹಾಲು. ಅವನು ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅವ್ವ ಕೈಗೆ ಹಾಲಿನ ಕ್ಯಾನು ಕೊಟ್ಟು ಡೇರಿಗೆ ಕಳಿಸಿದ್ದಳು. ದಾರಿಯಲ್ಲಿ ಕೆಸರಿಗೆ ಸಿಕ್ಕಿಬಿದ್ದ ಲಾರಿಯೊಂದನ್ನು ಜನ ತಳ್ಳುತ್ತಿದ್ದರು. ನೋಡದೆ ಹೋಗುವುದು ಸಾಧ್ಯವೇ? ಕ್ಯಾನನ್ನು ಪಕ್ಕಕ್ಕಿಟ್ಟ. ಅದರ ಮುಚ್ಚಳ ಸಡಿಲವಿತ್ತು. ಯಾರಾದರೂ ಎತ್ತಿಕೊಂಡು ಹೋದರೆ ಅವ್ವ ಸುಮ್ಮನಿರುವವಳಲ್ಲ ಎಂದು ಅದನ್ನು ಮಾತ್ರ ತೆಗೆದು ಕಂಕುಳಲ್ಲಿ ಭದ್ರವಾಗಿ ಇರುಕಿಕೊಂಡ. ಲಾರಿ ಮೇಲೆ ಬಂದು ಹೊರಟಿತು. ಅವನೂ ಹೊರಟ. ಡೇರಿಯ ಸಾಲಿನಲ್ಲಿ ಶಿಸ್ತಿನಿಂದ ನಿಂತು, ಸರದಿ ಬಂದಾಗ ಹಾಲು ಅಳೆಯುವವನ ಮುಂದೆ ಮುಚ್ಚಳ ಚಾಚಿದ.

ಅಳೆಯುವವನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, "ಹಾಲೆಲ್ಲಿ?" ಎಂದ.

"ಹಿಂದೆ ಬರ್ತಾ ಇದೆ" ಎಂದ ಹುಡುಗ.

ಹಿಂದೆ ಬಂದದ್ದು ಹಾಲಲ್ಲ, ಪಕ್ಕದ ಹೊಲದವರ ಮಗ. ಶಾಲೆಯಲ್ಲಿ ಇವನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದವನು. ಸಾಲಿನಲ್ಲಿ ಕತ್ತು ಚಾಚಿ ನೋಡಿ ಒಂದೇ ಒಂದು ಮಾತು ಹೇಳಿದ: "ಮುಚ್ಚಳ."

ಅಷ್ಟೇ. ಆವತ್ತಿನಿಂದ ಊರಿಗೆ ಇನ್ನೊಂದು ಹೆಸರು ಬೇಕಾಗಲಿಲ್ಲ. ಮದುವೆಯಾಗಿ ಬಂದವಳು ಮುಚ್ಚಳನ ಹೆಂಡತಿಯಾದಳು. ಅವನ ಮನೆಯಿರುವ ಓಣಿ ಮುಚ್ಚಳನ ಓಣಿಯಾಯಿತು. ಅವನು ಹುಟ್ಟುವುದಕ್ಕೆ ಮೊದಲೇ ತೀರಿಹೋಗಿದ್ದ ಅಜ್ಜನನ್ನು ಕೂಡ ಹಳಬರು ಮಾತಿಗೆ ಬಂದಾಗ "ಮುಚ್ಚಳನ ಅಜ್ಜ" ಎನ್ನತೊಡಗಿದರು. ತಲೆ ನರೆತರೂ ಅವನು ಕರೆದವರಿಗೆಲ್ಲ ಓಗೊಡುತ್ತ, ಎರಡು ಎಕರೆ ಉಳುತ್ತ, ಒಂದು ಹಸು ಕರೆಯುತ್ತ ಕಾಲ ಹಾಕುತ್ತಿದ್ದ. ಆ ಹಸುವಿನ ದೆಸೆಯಿಂದಲೇ ಎಲ್ಲ ಕೆಟ್ಟಿತು.

ಹೊಸದಾಗಿ ಬಂದ ಪಶುವೈದ್ಯೆ ಮನೆಮನೆಗೆ ಹೋಗಿ ಹಸುಗಳ ಕಿವಿಗೆ ಬಿಲ್ಲೆ ಹಾಕುತ್ತಿದ್ದಳು. ಇವನ ಕೊಟ್ಟಿಗೆಗೆ ಬಂದಾಗ ವಾಡಿಕೆಯಂತೆ ನೋಡಲು ಓಣಿಯೇ ನೆರೆದಿತ್ತು.

"ಹಸುವಿಗೆ ಹೆಸರಿದೆಯಾ?" ಎಂದಳು ವೈದ್ಯೆ.

"ಮಹಾರಾಣಿ" ಎಂದರು ನೆರೆದವರೆಲ್ಲ ಒಟ್ಟಿಗೆ.

"ಚೆನ್ನಾಗಿದೆ. ಹಸು ಯಾರದು?"

"ಮುಚ್ಚಳನದು" ಎಂದರು, ಮತ್ತೆ ಒಟ್ಟಿಗೆ.

ಪಾಪದ ಹುಡುಗಿ, ಓದಿದವಳು, ಮರ್ಯಾದೆ ಗೊತ್ತಿದ್ದವಳು. ಬರೆದುಕೊಂಡು, ಇವನ ಕಡೆ ತಿರುಗಿ ವಿನಯದಿಂದ ಹೇಳಿದಳು: "ಮುಚ್ಚಳ ಅವರೇ, ಸ್ವಲ್ಪ ಮಹಾರಾಣಿಯ ಕೊಂಬು ಹಿಡ್ಕೊಳ್ಳಿ."

ಇಷ್ಟು ವರ್ಷ "ಮುಚ್ಚಳ" ಎಂದಾಗ ನೋಯದಿದ್ದದ್ದು "ಮುಚ್ಚಳ ಅವರೇ" ಎಂದಾಗ ನೋಯಿತು. ಬಿಡಿಯಾಗಿ ಬಿದ್ದಿದ್ದ ಕಲ್ಲಿಗೆ ಪೀಠ ಕಟ್ಟಿ ಕೂರಿಸಿದ ಹಾಗಾಯಿತು. ಕೊಟ್ಟಿಗೆಯಲ್ಲಿ ನಾಲ್ಕು ಕಾಲಿನದು ಮಹಾರಾಣಿ, ಎರಡು ಕಾಲಿನದು ಮುಚ್ಚಳ. ಅವನು ಕೊಂಬು ಹಿಡಿದ. ಆದರೆ ಹಿಡಿದಾಗಲೇ ತೀರ್ಮಾನ ಮಾಡಿಬಿಟ್ಟ.

ಸಂಜೆ ಹೆಂಡತಿ ಒಲೆಯ ಮುಂದೆ ಕೂತಿದ್ದಾಗ ಹೋಗಿ ಬಾಗಿಲಲ್ಲಿ ನಿಂತು ಹೇಳಿದ: "ನಾಳೆಯಿಂದ ನನ್ನ ಹೆಸರು ಹಿಡಿದು ಕರೆದರೆ ಮಾತ್ರ ತಿರುಗೋದು. ಮುಚ್ಚಳ ಅಂದ್ರೆ ತಿರುಗಲ್ಲ."

"ಆಗಲಿ. ಯಾರ್‍ಯಾರಿಗೆ ಹೇಳಿದ್ರಿ?"

"ಯಾರಿಗೂ ಹೇಳಿಲ್ಲ."

"ಮತ್ತೆ ಅವರಿಗೆ ಗೊತ್ತಾಗೋದು ಹೇಗೆ?"

"ಹೆಸರು ಏನು ಬೇಡಿ ತರೋ ವಸ್ತುವಾ? ನನ್ನದು. ಅವರೇ ನೆನಪು ಮಾಡ್ಕೊಳ್ಳಲಿ. ನಾನು ತಿರುಗದೆ ಇದ್ರೆ ತಾವಾಗೇ ಯೋಚನೆ ಮಾಡ್ತಾರೆ."

ಹೆಂಡತಿ ಗಂಡನನ್ನು ಒಂದು ಸಲ, ಒಲೆಯನ್ನು ಒಂದು ಸಲ ನೋಡಿದಳು. "ನಾನು ಹೇಗೂ 'ರೀ' ಅಂತ ಕರೆಯೋದು. ನನಗೆ ತಿರುಗ್ತೀರಲ್ಲ?"

"ನಿನಗೆ ತಿರುಗ್ತೀನಿ" ಎಂದ, ಉದಾರವಾಗಿ.

ಮಾರನೆಯ ಬೆಳಿಗ್ಗೆ ಡೇರಿಯಲ್ಲಿ ಕಾರ್ಯದರ್ಶಿ, "ಮುಚ್ಚಳಣ್ಣ, ಬಾ ಮುಂದೆ" ಎಂದ. ಇವನು ಎದುರಿನ ಗೋಡೆ ನೋಡುತ್ತ ನಿಂತ. "ಮುಚ್ಚಳಣ್ಣ." ಗೋಡೆಯ ಮೇಲೆ ಒಂದು ಇರುವೆ ಸಾಲು ಹೋಗುತ್ತಿತ್ತು; ಅದನ್ನು ಕಣ್ಣಲ್ಲೇ ಹಿಂಬಾಲಿಸಿದ. ಕಾರ್ಯದರ್ಶಿ ಮೇಜು ತಟ್ಟಿದ, ತಕ್ಕಡಿಯ ಕಲ್ಲು ಬಡಿದ, ಕೊನೆಗೆ ಎದ್ದು ಬಂದು ಭುಜ ಹಿಡಿದು ಅಲುಗಿಸಿದ. ಆಗ ಇವನು ಗಾಂಭೀರ್ಯದಿಂದ ಕ್ಯಾನು ಮುಂದಿಟ್ಟ. ಈ ಸಲ ಹಾಲೂ ಇತ್ತು, ಮುಚ್ಚಳವೂ ಇತ್ತು. ಓಗೊಡುವವನು ಮಾತ್ರ ಇರಲಿಲ್ಲ.

ಊರು ಯೋಚನೆ ಮಾಡುತ್ತದೆ ಎಂದು ಅವನು ನಂಬಿದ್ದು ಸುಳ್ಳಾಗಲಿಲ್ಲ. ಊರು ಯೋಚನೆ ಮಾಡಿತು. ಹೊತ್ತು ನೆತ್ತಿಗೆ ಬರುವುದರೊಳಗೆ ಒಂದು ತೀರ್ಮಾನಕ್ಕೂ ಬಂತು: ಮುಚ್ಚಳನಿಗೆ ಕಿವಿ ಹೋಗಿದೆ.

ಮಧ್ಯಾಹ್ನ ಓಣಿಯ ಹೆಂಗಸರು ಸಂತಾಪಕ್ಕೆ ಬಂದರು. "ಯಾವಾಗಿಂದ ತಾಯಿ ಹೀಗೆ?" ಎಂದರು.

"ಕಿವಿಗೇನೂ ಆಗಿಲ್ಲ, ಚೆನ್ನಾಗೇ ಕೇಳುತ್ತೆ. ಹಠ ಅಷ್ಟೇ" ಎಂದಳು ಹೆಂಡತಿ.

ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. "ಪಾಪ, ಅವಳಿಗೆ ಒಪ್ಪಿಕೊಳ್ಳೋಕೆ ಆಗ್ತಿಲ್ಲ" ಎಂದು ಒಬ್ಬಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆಗಲೇ ಹೆಂಡತಿ ಒಳಗಿನಿಂದ, ಇದ್ದ ದನಿಯಲ್ಲೇ, "ರೀ, ಹಗ್ಗ ಎಲ್ಲಿಟ್ರಿ?" ಎಂದಳು. ಕೊಟ್ಟಿಗೆಯ ಆ ಕಡೆಯಿಂದ "ಗೂಟದ ಮೇಲಿದೆ ನೋಡು" ಎಂದು ಉತ್ತರ ಬಂತು.

ಇದು ಸಂಜೆಯ ಹೊತ್ತಿಗೆ ಕ್ಷೌರದಂಗಡಿ ತಲುಪಿತು. ಊರಿನಲ್ಲಿ ಕಾಯಿಲೆಗಳ ಬಗ್ಗೆ ಕೊನೆಯ ಮಾತು ಕ್ಷೌರದವನದೇ. ಅವನು ಕತ್ತರಿ ಗಾಳಿಯಲ್ಲಿ ಆಡಿಸುತ್ತ ಸಿದ್ಧಾಂತ ಮಂಡಿಸಿದ: "ಇದು ಸಾಧಾರಣ ಕಿವುಡಲ್ಲ. ಹೆಂಡ್ತಿ ದನಿ ಬಿಟ್ಟು ಬೇರೇನೂ ಕೇಳದ ಕಿವುಡು. ಬೇರೆ ಗಂಡಸರಿಗೆ ಬರೋದು ಇದರ ಉಲ್ಟಾ."

ಅಲ್ಲಿಂದ ಮುಂದೆ ಊರು ಅವನೊಡನೆ ವ್ಯವಹರಿಸುವ ಕ್ರಮವನ್ನೇ ಬದಲಿಸಿಕೊಂಡಿತು. ಹೇಳುವುದಿದ್ದರೆ ಹೆಂಡತಿಗೆ ಹೇಳುವುದು, ಅವಳು ಗಂಡನಿಗೆ ಹೇಳುವುದು. ಡೇರಿಯ ಕಾರ್ಯದರ್ಶಿ ಅಂಗಳದಲ್ಲಿ ಅವನ ಮೂಗಿನ ಮುಂದೆಯೇ ನಿಂತು, "ಅತ್ತಿಗೆ, ಮುಚ್ಚಳಣ್ಣನಿಗೆ ಹೇಳಿ, ನಾಳೆ ಹಾಲು ಬೇಗ ತರಬೇಕಂತೆ" ಎನ್ನುವನು.

"ರೀ, ಹಾಲು ಬೇಗ ತರಬೇಕಂತೆ."

"ಅವನಿಗೆ ಹೇಳು, ಹಸು ಮನಸ್ಸು ಮಾಡಿದಾಗ ತರ್ತೀನಿ ಅಂತ."

"ಹಸು ಮನಸ್ಸು ಮಾಡಿದಾಗ ತರ್ತಾರಂತೆ."

ಮೊದಲೆರಡು ದಿನ ಹೆಂಡತಿಗೆ ಕಿರಿಕಿರಿಯಾಯಿತು. ಆಮೇಲೆ ಅದರ ರುಚಿ ಹತ್ತಿತು. ಊರಿನ ಗಂಡಸರೆಲ್ಲ ಕೈಕಟ್ಟಿ ಬಂದು ನಿಲ್ಲುವುದನ್ನು ಅವಳು ಹಿಂದೆ ಕಂಡಿರಲಿಲ್ಲ. ಬೇಡದವರು ಬಂದರೆ, "ಈಗ ನನ್ನ ದನಿ ಸರಿಯಿಲ್ಲ, ಸಂಜೆ ಬನ್ನಿ" ಎಂದು ಕಳಿಸಿಬಿಡುತ್ತಿದ್ದಳು.

ಇವನ ಹಠಕ್ಕೆ ಮಾತ್ರ ಫಲ ಬರಲಿಲ್ಲ. ಅವನ ಹೆಸರು ಯಾರಿಗೂ ನೆನಪಾಗಲಿಲ್ಲ. ಬದಲಿಗೆ ಎಲ್ಲರೂ "ಮುಚ್ಚಳ" ಎಂಬುದನ್ನೇ ಮೊದಲಿಗಿಂತ ಜೋರಾಗಿ, ಕಿವಿಯ ಹತ್ತಿರ ಬಾಯಿ ತಂದು ಕೂಗತೊಡಗಿದರು. ಆದರೂ ಅವನು ತಿರುಗಲಿಲ್ಲ. ಬಿಟ್ಟರೆ ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಬೆಲೆಯೇ ಇಲ್ಲ ಎಂಬುದು ಅವನ ಲೆಕ್ಕ.

ಹೀಗಿರುವಾಗ ಗಡ್ಡ ತೆಗೆಸಲು ಕ್ಷೌರದಂಗಡಿಗೆ ಹೋದ. ಕ್ಷೌರದವನು ಕುರ್ಚಿಯಲ್ಲಿ ಕೂರಿಸಿ, ತಲೆ ಹಿಂದಕ್ಕೆ ಒರಗಿಸಿ, ಮುಖದ ತುಂಬ ನೊರೆ ಹಚ್ಚಿ, ಕತ್ತಿಯನ್ನು ಗಂಟಲ ಮೇಲಿಟ್ಟ ಹೊತ್ತಿಗೆ ಪಕ್ಕದ ಹೊಲದವನು ಒಳಗೆ ಬಂದು ಬೆಂಚಿನ ಮೇಲೆ ಕೂತ. ಮುಚ್ಚಳ ಎಂದು ಮೊದಲು ಕೂಗಿದ ಅದೇ ಶಾಲೆ ಬೆಂಚಿನ ಗೆಳೆಯ. ಈಗ ಹೊಟ್ಟೆ ಬಂದಿದೆ, ಮೀಸೆ ಬಂದಿದೆ, ಎರಡು ಹೊಲಗಳ ನಡುವೆ ಬೇಲಿ ಬಂದಿದೆ.

"ಮುಂದಿನ ವಾರ ಸರ್ವೆಯರ್ ಬರ್ತಾನಂತೆ" ಎಂದ ಪಕ್ಕದ ಹೊಲದವನು.

"ಹಾಗಂತೆ. ನಿನಗೇನು ಚಿಂತೆ?"

"ಚಿಂತೆ ಯಾಕೆ? ಪ್ರತಿ ಉಳುಮೆಗೂ ಬೇಲಿಗೂಟ ಒಂದೊಂದು ಗೇಣು ಆ ಕಡೆಗೆ ಇಟ್ಟು ಇಟ್ಟು, ಈಗ ಒಂದು ಗಾಡಿ ಓಡಾಡುವಷ್ಟು ಜಾಗ ಈ ಕಡೆ ಬಂದಿದೆ."

ಕ್ಷೌರದವನು ಕತ್ತಿ ನಿಲ್ಲಿಸಿ ಕಣ್ಣಿನಲ್ಲೇ ಕುರ್ಚಿ ತೋರಿಸಿದ. "ಮೆಲ್ಲಗೆ."

"ಯಾಕೆ ಮೆಲ್ಲಗೆ? ಇವನಿಗೇನು ಕೇಳುತ್ತೆ. ಬೇಕಾದ್ರೆ ನೋಡು." ಬಾಗಿ, ನೊರೆ ಹಚ್ಚಿದ ಕಿವಿಯ ಬಳಿ ಬಾಯಿಟ್ಟು, "ಲೇ ಮುಚ್ಚಳ, ನಿನ್ನ ಜಾಗ ನಾನು ನುಂಗಿದೀನಿ ಕಣೋ" ಎಂದ, ಪ್ರೀತಿಯಿಂದ.

ಮುಖ ಕದಲಲಿಲ್ಲ. ಕದಲುವ ಹಾಗೂ ಇರಲಿಲ್ಲ. ಕತ್ತಿ ಗಂಟಲ ಮೇಲಿತ್ತು.

"ಒಂದ್ಸಲ ಬಂದು ಕೇಳಿದ್ದ, ಬೇಲಿ ನನ್ನ ಕಡೆ ಬಂದ ಹಾಗಿದೆಯಲ್ಲ ಅಂತ. ಮಳೆಗೆ ನೆಲ ಜರುಗುತ್ತೆ ಕಣೋ, ಬೇಲಿ ಇದ್ದಲ್ಲೇ ಇದೆ ಅಂದೆ. ಹೌದಾ ಅಂತ ಹೋದ."

ಅದು ನಿಜ. ಅವನು ಹೌದಾ ಅಂತ ಹೋಗಿದ್ದ. ಮನೆಯಲ್ಲಿ ಹೆಂಡತಿಗೆ ನೆಲ ಜರುಗುವುದರ ಬಗ್ಗೆ ವಿವರಿಸಿಯೂ ಇದ್ದ.

"ಸರ್ವೆಯರ್ ಕೂಗಿದಾಗ ಹೊಲದ ಮಾಲೀಕ ಮುಂದೆ ಬಂದು ತಕರಾರು ಹೇಳಬೇಕು. ಹೇಳದಿದ್ರೆ ಬೇಲಿ ಎಲ್ಲಿದೆಯೋ ಅದೇ ಗಡಿ. ಇವನಿಗೆ ಕೂಗಿದ್ದು ಕೇಳಲ್ಲ. ಅವರಪ್ಪ ತೋಡಿದ ಬಾವಿ ಇದೆಯಲ್ಲ, ಅದೂ ಈಗ ಬೇಲಿಯಿಂದ ಈ ಕಡೆಗೇ ಬಂದು ಕೂತಿದೆ."

ಕ್ಷೌರದವನು ಗಡ್ಡ ಮುಗಿಸಿದ. ಕುರ್ಚಿಯಲ್ಲಿದ್ದವನು ಎದ್ದು, ಮುಖ ಒರೆಸಿಕೊಂಡು, ಇಬ್ಬರಿಗೂ ತಲೆಯಾಡಿಸಿ ಹೊರಟ. ಅಪ್ಪ ಬುಟ್ಟಿಯಲ್ಲಿ ಮಣ್ಣು ಹೊತ್ತು ಹೊತ್ತು ತೋಡಿದ ಬಾವಿ ಅದು. ಮಹಾರಾಣಿ ಕುಡಿಯುವುದು ಅದರದ್ದೇ ನೀರು. ಅಲ್ಲಿಯೇ ತಿರುಗಿ ನಾಲ್ಕು ಮಾತು ಬೈಯಬಹುದಿತ್ತು. ಬೈದರೆ, ಮುಚ್ಚಳ ಅಂದದ್ದಕ್ಕೆ ತಿರುಗಿದ ಹಾಗಾಗುತ್ತಿತ್ತು. ಹೊಲ ಹೋದರೂ ಚಿಂತೆಯಿಲ್ಲ ಎನ್ನುವಷ್ಟು ಹುಚ್ಚ ಅವನಲ್ಲ; ಆದರೆ ಹೊಲವನ್ನು ಮುಚ್ಚಳನಾಗಿ ಬಿಡಿಸಿಕೊಳ್ಳುವುದೂ ಅವನಿಗೆ ಬೇಕಿರಲಿಲ್ಲ. ಸರ್ವೆಯರ್‌ನ ಕಾಗದದಲ್ಲಿ ಇರುವುದು ನನ್ನ ಹೆಸರೇ ತಾನೇ, ಅವನು ಹೆಸರು ಹಿಡಿದು ಕೂಗಲಿ, ಊರಿಗೆ ಊರೇ ಕೇಳಲಿ, ಆಗ ಓಗೊಡುತ್ತೇನೆ ಎಂದುಕೊಂಡು ಮನೆಗೆ ಬಂದ.

ಮನೆಯಲ್ಲಿ ಅಕ್ಕ ಬಂದು ಕೂತಿದ್ದಳು. ಸುದ್ದಿ ಅವಳ ಊರಿಗೂ ಹೋಗಿತ್ತು. ತಮ್ಮನನ್ನು ಕಂಡದ್ದೇ ಎದೆ ಬಡಿದುಕೊಂಡು, "ಅಯ್ಯೋ ನಮ್ಮ ಮುಚ್ಚಳನಿಗೆ ಇದೇನಾಯ್ತು" ಎಂದಳು.

ಒಡಹುಟ್ಟಿದ ಅಕ್ಕನೂ ಹಾಗೇ ಕರೆದಳು. ಅವನು ಬಾಯಿ ಬಿಡದೆ ಕಂಬಕ್ಕೆ ಒರಗಿ ಕೂತ.

"ನೋಡು, ನನ್ನ ದನಿಯೂ ಕೇಳಿಸ್ತಿಲ್ಲ" ಎಂದಳು ಅಕ್ಕ.

"ಅವರ ಹೆಸರು ಹಿಡಿದು ಕರೆದು ನೋಡಿ ಅತ್ತಿಗೆ" ಎಂದಳು ಹೆಂಡತಿ.

"ಕರೆದೆನಲ್ಲ."

ಅಕ್ಕ ಬರಿಗೈಯಲ್ಲಿ ಬಂದಿರಲಿಲ್ಲ. ಯಾವುದೋ ಬೇರು ಹಾಕಿ ಕಾಸಿದ ಎಣ್ಣೆ ತಂದಿದ್ದಳು. ತಮ್ಮನ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಎರಡೂ ಕಿವಿಗೆ ಎಣ್ಣೆ ಹುಯ್ದು, ಮೇಲೆ ಹತ್ತಿ ತುರುಕಿದಳು. ದಿನಾ ಬೆಳಿಗ್ಗೆ ಸಂಜೆ. ಅಷ್ಟು ದಿನ ಕೇಳಿಯೂ ಕೇಳದವನಾಗಿದ್ದವನಿಗೆ ಈಗ ನಿಜವಾಗಿಯೂ ಏನೂ ಕೇಳದೆ, ತಲೆಯೊಳಗೆ ಕೆರೆಯೊಂದು ತುಳುಕುತ್ತಿದ್ದ ಹಾಗಾಯಿತು. ಹೆಂಡತಿ "ರೀ" ಎಂದದ್ದೂ ಕೇಳಲಿಲ್ಲ. ಊರಿಗೆ ಊರೇ, ಕಾಯಿಲೆ ಉಲ್ಬಣಿಸಿತು ಎಂದಿತು.

ಸರ್ವೆಯರ್ ಬಂದ ದಿನ ಜನವೆಲ್ಲ ಬೇಲಿಯ ಬಳಿ ಸೇರಿದ್ದರು. ಸರ್ವೆಯರ್ ಕೊಡೆಯ ಕೆಳಗೆ, ಅವನ ಸಹಾಯಕ ಸರಪಳಿ ಹಿಡಿದು ಬಿಸಿಲಲ್ಲಿ. ಪಕ್ಕದ ಹೊಲದವನು ಇಸ್ತ್ರಿ ಅಂಗಿ ಹಾಕಿ ಸರ್ವೆಯರ್‌ಗೆ ಕುರ್ಚಿ ತಂದಿಟ್ಟಿದ್ದ. ನಮ್ಮವನು ಕಿವಿಯಲ್ಲಿ ಹತ್ತಿ ತುರುಕಿಸಿಕೊಂಡು ಅಕ್ಕನಿಗೂ ಹೆಂಡತಿಗೂ ನಡುವೆ ನಿಂತಿದ್ದ.

ಸರ್ವೆಯರ್ ನಕ್ಷೆ ನೋಡಿ ಹೆಸರು ಕೂಗಿದ. ಅದೇ ಹೆಸರು. ಉದ್ದನೆಯದು, ಬಾಯಿ ತುಂಬುವಂಥದು.

ಯಾರೂ ಅಲುಗಾಡಲಿಲ್ಲ. ಜನ ಸುತ್ತ ನೋಡಿದರು, ಯಾರೋ ಪರವೂರಿನ ದೊಡ್ಡವರು ಬಂದಿರಬೇಕೆಂದು ದಾರಿ ಬಿಟ್ಟರು.

"ಅಂಥವರು ನಮ್ಮೂರಲ್ಲಿ ಇಲ್ಲ ಸಾರ್" ಎಂದ ಡೇರಿಯ ಕಾರ್ಯದರ್ಶಿ.

"ಇದ್ರು" ಎಂದಳು ಊರಿನ ಹಿರಿಯ ಮುದುಕಿ, ಬಾಯಿಗೆ ಕೈ ಹಿಡಿದು. "ನಮ್ಮತ್ತೆ ಕಾಲದಲ್ಲಿ ತೀರಿಹೋದ್ರು. ಎಂಥ ಮನುಷ್ಯ ಅಂತೀರಿ. ತಲೆ ಎತ್ತಿ ಮಾತಾಡಿದವರಲ್ಲ."

"ಹೌದು, ನಮ್ಮಪ್ಪನೂ ಹೇಳ್ತಿದ್ದ" ಎಂದ ಕ್ಷೌರದವನು, ಬಿಟ್ಟುಕೊಡದೆ. "ಎತ್ತರದ ಆಳು. ಬಿಳಿ ಕುದುರೆ ಇತ್ತು."

ಕುದುರೆಯ ಮಾತು ಬಂದ ಮೇಲೆ ಇನ್ನೂ ನಾಲ್ಕು ಜನರಿಗೆ ಅವರು ನೆನಪಾದರು. ಒಬ್ಬರಿಗೆ ಅವರು ಕೊಟ್ಟ ಬೀಜದ ಕಾಳು ನೆನಪಾಯಿತು, ಇನ್ನೊಬ್ಬರಿಗೆ ಅವರು ಬಿಡಿಸಿದ ಜಗಳ. ಸತ್ತವನಿಗೆ ಊರು ಇಷ್ಟು ಮರ್ಯಾದೆ ಕೊಟ್ಟದ್ದು ಅದೇ ಮೊದಲು. ಅವನು ಮೂರು ಮಾರು ದೂರದಲ್ಲಿ ಹತ್ತಿ ಇಟ್ಟುಕೊಂಡು ನಿಂತಿದ್ದನಷ್ಟೆ.

"ಸರಿ. ಮಾಲೀಕ ತೀರಿಹೋಗಿದ್ದಾರೆ, ತಕರಾರು ಇಲ್ಲ" ಎಂದು ಸರ್ವೆಯರ್ ಪೆನ್ನು ತೆಗೆದ. ಪಕ್ಕದ ಹೊಲದವನು ದುಃಖದಿಂದ ತಲೆಯಾಡಿಸಿದ.

ಹೆಂಡತಿ ಮೊಣಕೈಯಿಂದ ಗಂಡನ ಪಕ್ಕೆಗೆ ಬಲವಾಗಿ ತಿವಿದಳು. ಅವನು ಹತ್ತಿ ಕಿತ್ತ. ಎಣ್ಣೆ ಹೆಗಲ ಮೇಲೆ ಹರಿಯಿತು.

"ರೀ, ನಿಮ್ಮನ್ನೇ ಕೂಗಿದ್ದು. ನೀವು ಸತ್ತಿದ್ದೀರಂತೆ."

ಅವನು ನಾಲ್ಕು ಹೆಜ್ಜೆ ಮುಂದೆ ಬಂದು, ಎಷ್ಟೋ ವರ್ಷಗಳ ಮೇಲೆ ಜನರ ಮುಂದೆ ತನ್ನ ಹೆಸರನ್ನು ತಾನೇ ಹೇಳಿದ. "ಅದು ನಾನು. ಸತ್ತಿಲ್ಲ."

"ಅಯ್ಯಯ್ಯೋ, ಮುಚ್ಚಳ ಮಾತಾಡಿದ" ಎಂದರು ಯಾರೋ. "ನನ್ನ ಎಣ್ಣೆ" ಎಂದಳು ಅಕ್ಕ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ.

"ಯಾರಿದು?" ಎಂದ ಸರ್ವೆಯರ್.

"ಮುಚ್ಚಳ ಸಾರ್. ಕಿವಿ ಕೇಳಲ್ಲ. ಪಾಪ, ತಿಳಿಯದೆ ದೊಡ್ಡವರ ಹೆಸರು ಹೇಳ್ತಿದಾನೆ" ಎಂದ ಪಕ್ಕದ ಹೊಲದವನು.

"ನೀವೇ ಅವರು ಅನ್ನೋದಕ್ಕೆ ಯಾರು ಸಾಕ್ಷಿ?"

"ನಾನು" ಎಂದಳು ಹೆಂಡತಿ.

"ಮನೆಯವರು ಆಗಲ್ಲಮ್ಮ. ಹೊರಗಿನವರು ಒಬ್ಬರಾದ್ರೂ ಹೇಳಬೇಕು, ಇವರ ಹೆಸರು ಇದು ಅಂತ."

ಹೊರಗಿನವರೆಲ್ಲ ನೆಲ ನೋಡಿದರು. ಅವರದು ಮೋಸವಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಬಿಳಿ ಕುದುರೆಯ ಮನುಷ್ಯನನ್ನು ಇಷ್ಟು ಬೇಗ ಬಿಟ್ಟುಕೊಡಲು ಮನಸ್ಸೂ ಇರಲಿಲ್ಲ.

ಆಗ ಅವನು ಪಕ್ಕದ ಹೊಲದವನ ಕಡೆ ತಿರುಗಿದ. ಆ ಹೆಸರು ಗೊತ್ತಿದ್ದವನು ಊರಿನಲ್ಲಿ ಒಬ್ಬನೇ. ಒಂದೇ ಬೆಂಚಿನಲ್ಲಿ ಕೂತು, ಮೇಷ್ಟ್ರು ಹಾಜರಿ ಕೂಗುವುದನ್ನು ದಿನಾ ಕೇಳಿದವನು. ಕೇಳಿದರೆ ಹೇಳುವವನಲ್ಲ. ಆದ್ದರಿಂದ ಇವನು ಕೇಳಲಿಲ್ಲ. ಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವ ದನಿಯಲ್ಲಿ ಶುರು ಮಾಡಿದ:

"ಪ್ರತಿ ಉಳುಮೆಗೂ ಒಂದೊಂದು ಗೇಣು. ಗೇಣು ಗೇಣು ಸೇರಿ ಒಂದು ಗಾಡಿ ಓಡಾಡುವಷ್ಟು ಜಾಗ. ಅಲ್ವೇನೋ? ಮಳೆಗೆ ನೆಲ ಜರುಗುತ್ತೆ, ಬೇಲಿ ಇದ್ದಲ್ಲೇ ಇರುತ್ತೆ. ನಮ್ಮಪ್ಪನ ಬಾವಿ ಮಾತ್ರ ಎದ್ದು ಬಂದು ನಿನ್ನ ಕಡೆ ಕೂತಿದೆ. ನನ್ನ ಕಿವಿಗೆ ಬಾಯಿಟ್ಟು ಹೇಳಿದೆಯಲ್ಲ, ನಿನ್ನ ಜಾಗ ನುಂಗಿದೀನಿ ಅಂತ. ಮನೆಗೆ ಹೋದ ಮೇಲೂ ನಿನ್ನ ಬಾಯಿ ವಾಸನೆ ಕಿವಿಯಲ್ಲೇ ಇತ್ತು. ಎಣ್ಣೆ ಹಾಕಿದ ಮೇಲೆ ಹೋಯ್ತು."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಪಕ್ಕದ ಹೊಲದವನ ಮುಖ ಇಸ್ತ್ರಿ ಅಂಗಿಯ ಕಾಲರಿನಿಂದ ಮೇಲಕ್ಕೆ ಕೆಂಪೇರುತ್ತ ಹೋಯಿತು. ಬೆರಳು ಚಾಚಿದ.

"ಲೇ, ನಿನಗೆ ಕೇಳಿಸ್ತಿತ್ತೇನೋ? ಎಲ್ಲಾ ಕೇಳಿಸ್ಕೊಂಡು ಕಲ್ಲಿನ ಹಾಗೆ ಕೂತಿದ್ಯಾ?"

ಅಷ್ಟು ಸಿಟ್ಟಿಗೆ ಮುಚ್ಚಳ ಎಂಬ ಪುಟ್ಟ ಮಾತು ಸಾಲಲಿಲ್ಲ. ನಿಜವಾಗಿ ಬೈಯಬೇಕಾದಾಗ ಮನುಷ್ಯನಿಗೆ ಎದುರಿನವನ ಪೂರ್ತಿ ಹೆಸರು ಬೇಕಾಗುತ್ತದೆ. ಪಕ್ಕದ ಹೊಲದವನು ಅದನ್ನೇ ಹಿಡಿದು ಕೂಗಿದ. ಮೊದಲು ಹೆಸರು, ಆಮೇಲೆ ಅಪ್ಪನ ಹೆಸರು, ಅದರ ಹಿಂದೆ ಅಜ್ಜನ ಹೆಸರು; ಮೇಷ್ಟ್ರು ಹಾಜರಿ ಕೂಗುತ್ತಿದ್ದ ಅದೇ ಏರಿಳಿತದಲ್ಲಿ, ಒಂದಕ್ಷರ ಬಿಡದೆ. ಕೂಗು ಎರಡು ಹೊಲ ದಾಟಿ ಬಾವಿಯೊಳಗೆ ಇಳಿದು ಇನ್ನೊಂದು ಸಲ ಮೇಲೆ ಬಂತು.

"ಹಾಜರಿದ್ದೀನಿ" ಎಂದ ಇವನು.

ಸರ್ವೆಯರ್ ಕುರ್ಚಿಯಿಂದ ಎದ್ದ. ನಕ್ಷೆ ನೋಡಿದ, ಪಕ್ಕದ ಹೊಲದವನನ್ನು ನೋಡಿದ. "ಅಪ್ಪ, ಅಜ್ಜ ಸಮೇತ ಸರಿಯಾಗಿದೆ. ಸಾಕ್ಷಿ ಆಯ್ತು. ತಕರಾರೂ ಆಯ್ತು. ಸರಪಳಿ ಹಿಡಿ."

ಸಹಾಯಕ ಸರಪಳಿ ಎಳೆದ. ಜನ ಕ್ಷೌರದವನನ್ನು, "ನಿನ್ನ ಅಂಗಡೀಲೇ ಅಂತೆ ಹೇಳಿದ್ದು, ಹೌದಾ?" ಎಂದು ಕೇಳಿದರು. "ಕತ್ತರಿ ಸದ್ದಲ್ಲಿ ನನಗೇನೂ ಕೇಳಿಸಲಿಲ್ಲ" ಎಂದ ಅವನು. ಹೊತ್ತು ಇಳಿಯುವುದರೊಳಗೆ ಬೇಲಿಗೂಟಗಳು ಹಳೆಯ ಗುಂಡಿಗಳನ್ನು ಹುಡುಕಿಕೊಂಡು ಹಿಂದಕ್ಕೆ ನಡೆದವು. ಬಾವಿ ಇದ್ದಲ್ಲೇ ಇತ್ತು.

ಇದಾದ ಮೇಲೆ ಊರು ಅವನನ್ನು ಹೆಸರು ಹಿಡಿದು ಕರೆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆ ಹೆಸರು ಬಿಳಿ ಕುದುರೆಯವರದು, ಅದನ್ನು ಕಂಡಕಂಡವರಿಗೆ ಬಳಸುವುದು ಹೇಗೆ ಎಂದು ಮುದುಕಿ ಈಗಲೂ ವಾದಿಸುತ್ತಾಳೆ. ಅಕ್ಕನ ಮನೆಯ ಮುಂದೆ ಎಣ್ಣೆಗೆ ಕಿವುಡರ ಸಾಲು ನಿಲ್ಲುತ್ತದೆ. ಡೇರಿಯ ಕಾರ್ಯದರ್ಶಿ ಎಲ್ಲ ಗೊತ್ತಿದ್ದೂ "ಮುಚ್ಚಳಣ್ಣ" ಎನ್ನುತ್ತಾನೆ. ಇವನು ಎಲ್ಲ ಕೇಳಿಸಿಯೂ ಗೋಡೆಯ ಇರುವೆ ನೋಡುತ್ತಾನೆ. ಹಾಲು ಕಾಯುತ್ತದೆ. ಊರು ಬಿಡಲಿಲ್ಲ, ಅವನೂ ಬಿಡಲಿಲ್ಲ. ಹೆಂಡತಿಯ ಕೆಲಸ ಅವಳಿಗೆ ಉಳಿಯಿತು.

ಆದರೆ ದಿನಾ ಬೆಳಿಗ್ಗೆ ಡೇರಿಗೆ ಹೋಗುವ ಮೊದಲು ಅವನು ಹೊಲಕ್ಕೆ ಹೋಗುತ್ತಾನೆ. ಹೋಗಿ ಬೇಲಿಯ ಗೂಟಗಳನ್ನು ಒಂದೊಂದಾಗಿ ಹಿಡಿದು, ಗಟ್ಟಿಯಿದೆಯೇ ಎಂದು ನಿಧಾನವಾಗಿ ಅಲುಗಿಸುತ್ತಾನೆ. ಪಕ್ಕದ ಹೊಲದವನು ಆ ಕಡೆಯಿಂದ ನೋಡುತ್ತಾನೆ. ಒಂದು ಗೂಟಕ್ಕೆ ತಡೆದುಕೊಳ್ಳುತ್ತಾನೆ, ಎರಡು ಗೂಟಕ್ಕೆ ಹಲ್ಲು ಕಡಿಯುತ್ತಾನೆ. ಮುಂದಿನದಕ್ಕೆ ಕೈ ಹಾಕುತ್ತಿದ್ದಂತೆ ಅವನ ಸಹನೆ ಮುಗಿದು, ಇವನ ಹೆಸರನ್ನು ಅಪ್ಪ, ಅಜ್ಜ ಸಮೇತ, ಊರೇ ಏಳುವ ಹಾಗೆ ಕೂಗುತ್ತಾನೆ.

ಇವನು ಗೂಟ ಬಿಡುತ್ತಾನೆ. ಕಿವಿಯ ಹಿಂದೆ ಅಂಗೈ ಇಟ್ಟು, ಬೇಲಿಯ ಮೇಲೆ ಬಾಗಿ ಹೇಳುತ್ತಾನೆ:

"ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."